ಹೊವರ್ಡ್ ನಂತರದ ಕೋನನ್: ಮರುಓದಿಗೂ ನಿಂತ ಕಾದಂಬರಿಗಳು

ಕೋನನ್ ಅಂದರೆ ಅಮೆರಿಕದ ಲೇಖಕ ರಾಬರ್ಟ್ ಇ. ಹೊವರ್ಡ್ ಸೃಷ್ಟಿಸಿದ, ಮಾಂತ್ರಿಕರಿರುವ ಕಾಲ್ಪನಿಕ ಪ್ರಾಚೀನ ಜಗತ್ತಿನಲ್ಲಿ ಅಲೆಯುವ ಕತ್ತಿವೀರ. ಹೊವರ್ಡ್ ಪೂರ್ತಿಗೊಳಿಸಿದ ಕೋನನ್ ಕಥೆಗಳು 21. ಅವುಗಳಲ್ಲಿ ಕಾದಂಬರಿ ಅಂತ ಕರೆಯಬಹುದಾದದ್ದು ಒಂದೇ, 'ದಿ ಅವರ್ ಆಫ್ ದಿ ಡ್ರ್ಯಾಗನ್'. ಮಿಕ್ಕವೆಲ್ಲ ಸಣ್ಣಕಥೆ, ನೀಳ್ಗತೆಗಳು. 1936ರಲ್ಲಿ, 30ನೇ ವಯಸ್ಸಿಗೇ ಹೊವರ್ಡ್ ತೀರಿಕೊಂಡ ಮೇಲೆ ಬೇರೆಯವರು ಇದೇ ನಾಯಕನ ಮೇಲೆ ಹತ್ತಾರು ಕಾದಂಬರಿ ಬರೆದರು. ಇವನ್ನು ವರ್ಷಗಟ್ಟಲೆ ಓದಿ, ಕೆಲವನ್ನು ಎರಡು ಮೂರು ಸಲ ಓದಿದ ಮೇಲೆ ಒಂದು ಮಾತು ಖಚಿತವಾಗಿ ಹೇಳಬಲ್ಲೆ: ಸೋತ ಪುಸ್ತಕಗಳಲ್ಲಿ ಮುಕ್ಕಾಲು ಪಾಲನ್ನು ಸೋಲಿಸಿದ್ದು ಉದ್ದ.

'ದಿ ಟವರ್ ಆಫ್ ದಿ ಎಲಿಫೆಂಟ್' ನೋಡಿ. ಒಂದು ರಾತ್ರಿ, ಒಂದು ಗೋಪುರ, ಒಬ್ಬ ಹುಡುಗ ಕಳ್ಳ. ಗೋಪುರದ ಒಡೆಯ, 'ಯಾರಾ' ಎಂಬ ಹೆಸರಿನ ಮಾಂತ್ರಿಕ, ಕಣ್ಣಿಗೆ ಬೀಳುವುದೇ ಕೊನೆಯ ಪುಟಗಳಲ್ಲಿ. ಅದೇ ಸರಕನ್ನು 280 ಪುಟಕ್ಕೆ ಹಿಗ್ಗಿಸಬೇಕಾದಾಗ ಏನಾಗುತ್ತದೆ ಅಂದರೆ, ಎರಡನೇ ಖಳನೊಬ್ಬ ಬರುತ್ತಾನೆ, ಜೊತೆಗಿದ್ದ ಹೆಣ್ಣನ್ನು ಎರಡು ಸಲ ಹೊತ್ತೊಯ್ಯುತ್ತಾರೆ, ಅಧ್ಯಾಯಕ್ಕೊಮ್ಮೆ ಮಾಂತ್ರಿಕನ ಕೋಣೆಗೆ ಹೋಗಿ ಅವನ ಸಂಚೇನು ಅಂತ ಕೇಳಿಸಿಕೊಂಡು ಬರಬೇಕಾಗುತ್ತದೆ. ಸಂಚು ಮೊದಲೇ ಬಯಲಾದ ಮಾಂತ್ರಿಕನ ಬಗ್ಗೆ ಓದುಗನಿಗೆ ಭಯ ಹುಟ್ಟುವುದಿಲ್ಲ. ಕಾಳಗಗಳ ಕತೆಯೂ ಅಷ್ಟೇ. ಮೂರನೆಯ ಕಾಳಗದ ಹೊತ್ತಿಗೆ ಕೋನನ್ ಸಾಯುವುದಿಲ್ಲ ಅನ್ನುವುದು ಓದುಗನಿಗೆ ಮನವರಿಕೆಯಾಗಿರುತ್ತದೆ. ಆಮೇಲೆ ಓದಿಸುವುದು ಅವನು ಏನು ನಿರ್ಧಾರ ಮಾಡುತ್ತಾನೆ ಅನ್ನುವುದು ಮಾತ್ರ.

ಇದನ್ನು ಸರಿಯಾಗಿ ಹಿಡಿದವನು ಕಾರ್ಲ್ ಎಡ್ವರ್ಡ್ ವ್ಯಾಗ್ನರ್. 1979ರ 'ದಿ ರೋಡ್ ಆಫ್ ಕಿಂಗ್ಸ್' ಈ ಸಾಲಿನಲ್ಲೇ ಅತ್ಯುತ್ತಮ ಅನ್ನಲು ನನಗೆ ಯಾವ ಹಿಂಜರಿಕೆಯೂ ಇಲ್ಲ. ಜಿಂಗಾರಾ ದೇಶದ ರಾಜಧಾನಿ ಕೊರ್ದಾವಾದಲ್ಲಿ ಕೋನನ್ ನೇಣಿನ ಕೆಳಗೆ ನಿಂತಿರುವಾಗ ಕಥೆ ಶುರು. ಬಿಡಿಸಿಕೊಂಡವನು ಬಂಡುಕೋರರ ಗುಂಪಿಗೆ ಸೇರುತ್ತಾನೆ, ಬಂಡಾಯ ಗೆಲ್ಲುತ್ತದೆ, ಗೆದ್ದ ನಾಯಕ ಮೊರ್ದೆರ್ಮಿ ತಾನೇ ಸರ್ವಾಧಿಕಾರಿಯಾಗುತ್ತಾನೆ. ಕಥೆ ಎಳೆದಂತೆ ಅನ್ನಿಸದಿರುವುದಕ್ಕೆ ಕಾರಣ ಇಲ್ಲಿದೆ: ಅರ್ಧಕ್ಕೆ ಗುರಿ ಈಡೇರಿಬಿಡುತ್ತದೆ, ಮಿಕ್ಕರ್ಧ ಆ ಗೆಲುವಿನ ಬೆಲೆ. ಉದ್ದಕ್ಕೆ ತಕ್ಕ ವಿಷಯ ಇದೆ. ಮಾಂತ್ರಿಕತೆಯೂ ಹದವಾಗಿದೆ, ಸಮುದ್ರದಡಿಯ ಗೋರಿಯಿಂದ ಎದ್ದುಬರುವ ಕಲ್ಲಿನ ಸೈನಿಕರು ರಾಜಕೀಯದ ಲೆಕ್ಕಾಚಾರವನ್ನೇ ಬದಲಿಸುತ್ತಾರೆ. ಐದಕ್ಕೆ ನಾಲ್ಕೂವರೆ.

ಎರಡನೆಯದು ಜಾನ್ ಸಿ. ಹಾಕಿಂಗ್ ಬರೆದ 'ಕೋನನ್ ಅಂಡ್ ದಿ ಎಮರಾಲ್ಡ್ ಲೋಟಸ್', 1995. ಹೊವರ್ಡ್ ಕಥೆಗಳಲ್ಲಿ ಕಪ್ಪು ಕಮಲ ಅನ್ನುವ ಮತ್ತೇರಿಸುವ ವಿಷದ ಹೂ ಬಂದುಹೋಗುತ್ತದೆ. ಹಾಕಿಂಗ್ ಅದೇ ಜಾತಿಯ, ರಕ್ತ ಕುಡಿದು ಬೆಳೆಯುವ ಹಸಿರು ಕಮಲವೊಂದನ್ನು ಹುಟ್ಟಿಸಿದ್ದಾನೆ. ಅದರ ಪುಡಿ ಮಾಂತ್ರಿಕರ ಬಲ ಹೆಚ್ಚಿಸುತ್ತದೆ, ಚಟ ಹತ್ತಿಸುತ್ತದೆ, ನಿಲ್ಲಿಸಿದರೆ ಕೊಲ್ಲುತ್ತದೆ. ಡಬ್ಬಿಯಲ್ಲಿರುವ ಪುಡಿ ಮುಗಿಯುವುದರೊಳಗೆ ಮರುಭೂಮಿ ದಾಟಬೇಕು ಅನ್ನುವ ಅವಸರವೇ ಕಥೆಯನ್ನು ಬಿಗಿಯಾಗಿಡುತ್ತದೆ. ಹಳೆಯ ಪ್ರತಿ ಹುಡುಕಿ ಅಲೆಯಬೇಕಿಲ್ಲ. ಟೈಟನ್ ಪ್ರಕಾಶನ 2024ರಲ್ಲಿ 'ಸಿಟಿ ಆಫ್ ದಿ ಡೆಡ್' ಅನ್ನುವ ಒಂದೇ ಸಂಪುಟದಲ್ಲಿ ಇದನ್ನೂ ಇದರ ಮುಂದಿನ ಕಾದಂಬರಿಯನ್ನೂ ಸೇರಿಸಿ ಹೊರತಂದಿದೆ.

ಟಾರ್ ಪ್ರಕಾಶನ 1982ರಿಂದ 1997ರವರೆಗೆ ಒಂದರ ಹಿಂದೊಂದು ತಂದ ಪುಸ್ತಕಗಳಲ್ಲಿ ಕಾಳಿಗಿಂತ ಜೊಳ್ಳೇ ಜಾಸ್ತಿ. ಜಾನ್ ಮ್ಯಾಡಾಕ್ಸ್ ರಾಬರ್ಟ್ಸ್ ಹೆಸರಿದ್ದರೆ ಧೈರ್ಯವಾಗಿ ತೆಗೆದುಕೊಳ್ಳಿ. 'ಕೋನನ್ ದಿ ವ್ಯಾಲರಸ್' ನಾಯಕನನ್ನು ತಾಯ್ನಾಡು ಸಿಮ್ಮೇರಿಯಾಕ್ಕೆ ಕರೆದೊಯ್ಯುತ್ತದೆ. ಹೊವರ್ಡ್ ಪೂರ್ತಿ ಮಾಡಿದ ಒಂದು ಕಥೆಯೂ ಅಲ್ಲಿ ನಡೆಯುವುದಿಲ್ಲ, ಹಾಗಾಗಿ ಆ ಕುಲಗಳ ಬದುಕು, ಜಗಳ, ಬೆನ್ ಮೋರ್ಗ್ ಬೆಟ್ಟ ಎಲ್ಲವೂ ಹೊಸದಾಗಿ ಕಾಣುತ್ತವೆ.

ರಾಬರ್ಟ್ ಜೋರ್ಡನ್ 1982ರಿಂದ 84ರೊಳಗೆ ಏಳು ಬರೆದ, ಅವುಗಳಲ್ಲಿ ಒಂದು ಸಿನಿಮಾದ ರೂಪಾಂತರ. ಓಟ ಚೆನ್ನಾಗಿದೆ, ಆದರೆ ಬೆನ್ನುಬೆನ್ನಿಗೆ ಎರಡು ಓದಬೇಡಿ, ಅಚ್ಚು ಒಂದೇ ಅನ್ನುವುದು ಗೊತ್ತಾಗಿಬಿಡುತ್ತದೆ. ಭಾರತದ ಓದುಗರಿಗೆ 'ಕೋನನ್ ದಿ ವಿಕ್ಟೋರಿಯಸ್' ಕುತೂಹಲ ಹುಟ್ಟಿಸಬಹುದು. ವಿಷ ಮೈಗೇರಿದ ಕೋನನ್ ಮದ್ದು ಹುಡುಕಿಕೊಂಡು ವೆಂಧ್ಯಾಕ್ಕೆ ಬರುತ್ತಾನೆ. ವಿಂಧ್ಯದ ಹೆಸರು ಹೊತ್ತ ಈ ದೇಶ ಹೊವರ್ಡ್ ಕಲ್ಪಿಸಿದ ಭಾರತ. ಜೋರ್ಡನ್ ಅಲ್ಲಿನ ಮಂತ್ರಿಗೆ ಇಟ್ಟ ಹೆಸರು ಕರೀಂ ಸಿಂಗ್, ಅದನ್ನು ಓದಿದ ಕೂಡಲೇ ನಮ್ಮ ಕಿವಿಗೆ ಕಥೆಯ ಮೋಡಿ ಕಳಚುತ್ತದೆ. ಹೊವರ್ಡ್‌ಗೂ ಭಾರತ ಗೊತ್ತಿರಲಿಲ್ಲ. ಆದರೂ 1934ರ 'ದಿ ಪೀಪಲ್ ಆಫ್ ದಿ ಬ್ಲ್ಯಾಕ್ ಸರ್ಕಲ್'ನಲ್ಲಿ ವೆಂಧ್ಯಾದ ರಾಣಿ ದೇವಿ ಯಾಸ್ಮಿನಾಳಿಗೆ ಅವಳದೇ ಆದ ಹಟ, ಅವಳದೇ ಆದ ರಾಜಕಾರಣ ಕೊಟ್ಟಿದ್ದ. ಆ ತೂಕ ಜೋರ್ಡನ್ ಪುಸ್ತಕದಲ್ಲಿಲ್ಲ.

ಎಲ್. ಸ್ಪ್ರೇಗ್ ಡಿ ಕ್ಯಾಂಪ್ ಮತ್ತು ಲಿನ್ ಕಾರ್ಟರ್ ಸೇರಿ ತಂದ ಲ್ಯಾನ್ಸರ್ ಪ್ರಕಾಶನದ ಸಂಪುಟಗಳು 1966ರಿಂದ ಕೋನನ್‌ನನ್ನು ಮನೆಮಾತು ಮಾಡಿದವು, ಕಲಾವಿದ ಫ್ರಜೆಟ್ಟಾ ಬರೆದ ಮುಖಪುಟ ಚಿತ್ರಗಳ ಪಾಲೂ ಅದರಲ್ಲಿದೆ. ಓದುವವರಿಗೆ ತೊಡಕೆಂದರೆ ಅಲ್ಲಿ ಹೊವರ್ಡ್ ಬರೆದದ್ದೂ ಇತರರು ಸೇರಿಸಿದ್ದೂ ಒಂದೇ ಪುಸ್ತಕದಲ್ಲಿ ಕಲೆತುಹೋಗಿವೆ. ಕೋನನ್‌ಗೆ ಸಂಬಂಧವೇ ಇಲ್ಲದ ಹೊವರ್ಡ್ ಕಥೆಗಳಿಗೆ ಡಿ ಕ್ಯಾಂಪ್ ಮಾಂತ್ರಿಕತೆ ಬೆರೆಸಿ ಕೋನನ್ ಕಥೆ ಮಾಡಿದ್ದೂ ಉಂಟು. ಮೊದಲ ಓದಿಗೆ ಇವು ಬೇಡ. 2003ರಿಂದ 2005ರೊಳಗೆ ಬಂದ ಡೆಲ್ ರೇ ಪ್ರಕಾಶನದ ಮೂರು ಸಂಪುಟಗಳಿಂದ ಶುರುಮಾಡಿ, ಹೊವರ್ಡ್ ಬರೆದ ಮೂಲಪಾಠ ಅಲ್ಲಿ ಶುದ್ಧವಾಗಿ ಸಿಗುತ್ತದೆ. ನಾಯಕನ ವಯಸ್ಸಿನ ಕ್ರಮದಲ್ಲಿ ಓದಬೇಕೆಂಬ ಹಟವೂ ಬೇಡ. ಮೊದಲು ಅಚ್ಚಾದ ಎರಡು ಕಥೆಗಳಲ್ಲಿ ಅವನು ನಡುವಯಸ್ಸಿನ ರಾಜ, ಮೂರನೆಯದರಲ್ಲಿ ಹುಡುಗ.

ಎಸ್. ಎಂ. ಸ್ಟರ್ಲಿಂಗ್ ಬರೆದ 2022ರ 'ಬ್ಲಡ್ ಆಫ್ ದಿ ಸರ್ಪೆಂಟ್' ಹೊವರ್ಡ್‌ನ 'ರೆಡ್ ನೇಲ್ಸ್'ಗೆ ಮುಂಚಿನ ಕಥೆ. ಶಸ್ತ್ರ, ಕುದುರೆ, ಬಿಡಾರದ ವಿವರ ಗಟ್ಟಿಯಾಗಿದೆ. ಆದರೆ 'ರೆಡ್ ನೇಲ್ಸ್'ನ ನಾಯಕಿ ವಲೇರಿಯಾ ಓಡಿಹೋಗುತ್ತಾಳೆ, ಕೋನನ್ ಬೆನ್ನಟ್ಟುತ್ತಾನೆ ಅನ್ನುವುದು ಗೊತ್ತಿದ್ದೇ ಓದಬೇಕು, ನಡುವೆ ಮೃಗಗಳ ಜೊತೆಗಿನ ಕಾದಾಟಗಳು ಸಾಲುಗಟ್ಟಿವೆ. ಐದಕ್ಕೆ ಮೂರು.

ಕೊಳ್ಳುವಾಗ ಒಂದು ಎಚ್ಚರ. 'ದಿ ಕೋನನ್ ಕ್ರಾನಿಕಲ್ಸ್' ಹೆಸರಿನಲ್ಲಿ ಬೇರೆಬೇರೆ ಪುಸ್ತಕಗಳಿವೆ. 1995ರದ್ದು ಜೋರ್ಡನ್‌ನ ಮೂರು ಕಾದಂಬರಿ. 2000 ಮತ್ತು 2001ರಲ್ಲಿ ಬ್ರಿಟನ್ನಿನಲ್ಲಿ ಬಂದ ಎರಡು ಸಂಪುಟ ಹೊವರ್ಡ್‌ನವು. ಆನ್‌ಲೈನ್ ಅಂಗಡಿಗಳಲ್ಲಿ ಒಂದರ ಚಿತ್ರ ಹಾಕಿ ಇನ್ನೊಂದನ್ನು ಕಳಿಸುವುದುಂಟು, ಹಾಗಾಗಿ ಲೇಖಕನ ಹೆಸರು, ಐಎಸ್‌ಬಿಎನ್ ಎರಡನ್ನೂ ಕೇಳಿ ತಿಳಿದುಕೊಳ್ಳಿ. ಎಂಬತ್ತರ ದಶಕದ ಪಾಕೆಟ್ ಪ್ರತಿಯಾದರೆ ಪುಸ್ತಕದ ಬೆನ್ನಿನ ಫೋಟೋ ತರಿಸಿಕೊಳ್ಳಿ. ಅಂಟು ಒಣಗಿ ಗರಿಗರಿಯಾಗಿದ್ದರೆ ಪೂರ್ತಿ ಬಿಡಿಸಿದ ಕೂಡಲೇ ಹಾಳೆಗಳು ಉದುರುತ್ತವೆ. ಅಂಥದ್ದನ್ನು ಅರ್ಧ ಮಾತ್ರ ತೆರೆದು ಓದಬೇಕು, ಮಳೆಗಾಲದಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿದ ಮುಚ್ಚಳದ ಡಬ್ಬಿಯಲ್ಲಿ ಇಡಬೇಕು.