ನೀರು ಸುರಿಯದೆ ತಲೆಸ್ನಾನ: ರಾಕೆಟ್ ಚಿತ್ರದ ಶಾಂಪೂ ನನ್ನ ಎಣ್ಣೆ ತಲೆಗೆ

ಕಾಲು ಮುರಿದು, ಪ್ಲಾಸ್ಟರ್ ಹಾಕಿಸಿಕೊಂಡು ಆರು ವಾರ ಮಂಚದಲ್ಲೇ ಇದ್ದೆ. ಮೈಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿಕೊಂಡು ಹೇಗೋ ದಿನ ತಳ್ಳಬಹುದು, ತಲೆ ಮಾತ್ರ ಹತ್ತನೇ ದಿನಕ್ಕೇ ಕೆರೆತ. ತಮ್ಮ ಆನ್‌ಲೈನ್‌ನಲ್ಲಿ ಹುಡುಕಿ ಈ ಶಾಂಪೂ ತರಿಸಿದ. ಹಚ್ಚಿ ಒರೆಸಿದರೆ ಸಾಕು, ತೊಳೆಯುವುದೇ ಬೇಡವಂತೆ. 200 ಎಂಎಲ್‌ಗೆ 640 ರೂಪಾಯಿ. ಬಾಟಲಿ ಮೇಲೆ ರಾಕೆಟ್ ಚಿತ್ರ, 'ಗಗನಯಾತ್ರಿಗಳು ಬಳಸುವಂಥದ್ದು' ಅಂತ ದಪ್ಪಕ್ಷರ. ಕಂಪನಿ ಹೆಸರು ಹೇಳುವುದಿಲ್ಲ, ಸ್ವಲ್ಪ ಬೈಯುವುದಿದೆ.

ಆ ರಾಕೆಟ್ ಸುಳ್ಳೇನಲ್ಲ, ಆದರೆ ಕತೆ ಉಲ್ಟಾ. ಈ ಬಗೆಯ ಶಾಂಪೂ ಮೊದಲು ಮಾಡಿದ್ದೇ ಎದ್ದು ಸ್ನಾನಕ್ಕೆ ಹೋಗಲಾಗದ ಆಸ್ಪತ್ರೆ ರೋಗಿಗಳಿಗೆ. ಆಮೇಲೆ ನಾಸಾದವರು ಅದನ್ನು ಮೇಲಕ್ಕೆ ಒಯ್ದರು. ಅಂದರೆ ನನ್ನಂಥವರ ಸಾಮಾನೇ ಅವರಿಗೆ ಹೋಗಿದ್ದು, ಅಲ್ವಾ?

ಮೊದಲ ಸಲ ಚೀಟಿಯಲ್ಲಿ ಬರೆದ ಹಾಗೇ ಮಾಡಿದೆ. ಒಣ ಕೂದಲಿಗೆ ಹಚ್ಚಿ, ಉಜ್ಜಿ, ಒರೆಸಿದೆ. ಕೆಟ್ಟ ಅನುಭವ. ಹಿಂದಿನ ದಿನವಷ್ಟೇ ಅಮ್ಮ ತಂಪಾಗಲಿ ಅಂತ ಹರಳೆಣ್ಣೆ ತಟ್ಟಿದ್ದಳು, ಅದರ ಮೇಲೆ ಇದು ಬಿದ್ದು ಕೂದಲೆಲ್ಲ ಗೋಂದು ಮೆತ್ತಿದ ಹಾಗೆ ಆಯಿತು.

ಸಿಟ್ಟಲ್ಲಿ ಯೂಟ್ಯೂಬ್ ತೆರೆದೆ. ಕರೆನ್ ನೈಬರ್ಗ್ ಅನ್ನುವ ಗಗನಯಾತ್ರಿ 2013ರಲ್ಲಿ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ ತನ್ನ ಉದ್ದ ಕೂದಲು ತೊಳೆಯುವ ವಿಡಿಯೋ ಇದೆ. ಮೊದಲು ಚೀಲದಿಂದ ಬೆಚ್ಚನೆ ನೀರನ್ನು ಬುಡಕ್ಕೆ ಹಿಂಡಿ ಬೆರಳಲ್ಲಿ ಆಡಿಸುತ್ತಾಳೆ, ಒಂದೆರಡು ಹನಿ ತಪ್ಪಿಸಿಕೊಂಡು ತೇಲಿಹೋದರೆ ಕೈ ಚಾಚಿ ಹಿಡಿಯುತ್ತಾಳೆ, ಆಮೇಲೆ ಶಾಂಪೂ, ಟವೆಲ್ಲಿಂದ ಚೆನ್ನಾಗಿ ಉಜ್ಜುವುದು, ಮತ್ತೆ ನೀರು, ಮತ್ತೆ ಟವೆಲ್. ಅಲ್ಲಿ ನೀರು ಹರಿದು ಇಳಿಯುವುದಿಲ್ಲ, ಹಾಗಾಗಿ ಕೊಳೆ ತೆಗೆಯುವ ಕೆಲಸ ಟವೆಲ್ಲಿನದು. ಗುಟ್ಟು ಇಷ್ಟೇ! ಇದನ್ನು ಚೀಟಿಯಲ್ಲಿ ಒಂದು ಸಾಲು ಬರೆಯೋಕೆ ಏನಾಗಿತ್ತು?

ಅಂದಹಾಗೆ, 1973ರ ಸ್ಕೈಲ್ಯಾಬ್ ಅನ್ನುವ ಅಮೆರಿಕದ ಬಾಹ್ಯಾಕಾಶ ನಿಲ್ದಾಣದಲ್ಲಿ ಶವರ್ ಇತ್ತು. ನೆಲದಿಂದ ಮೇಲಕ್ಕೆ ಎಳೆದುಕೊಳ್ಳುವ ಕೊಳವೆಯಂಥ ಪರದೆ, ಒಳಗೆ ನಿಂತು ಸ್ನಾನ. ಸಜ್ಜು ಮಾಡಿ, ಮಿಂದು, ತೇಲುವ ನೀರನ್ನೆಲ್ಲ ಹೀರಿ ಮುಗಿಸುವಷ್ಟರಲ್ಲಿ ಎರಡೂವರೆ ಗಂಟೆ ಹೋಗುತ್ತಿತ್ತಂತೆ. ಈಗಿನ ನಿಲ್ದಾಣದಲ್ಲಿ ಆ ಗೋಜೇ ಇಲ್ಲ.

ಕೂದಲಿನಿಂದ ಆರಿದ ನೀರು, ಬೆವರು, ಉಸಿರಿನ ತೇವ ಎಲ್ಲವನ್ನೂ ಅಲ್ಲಿ ಗಾಳಿಯಿಂದ ಹಿಡಿದು ಮತ್ತೆ ಕುಡಿಯುವ ನೀರು ಮಾಡುತ್ತಾರೆ. ಮೂತ್ರವನ್ನೂ ಬಿಡುವುದಿಲ್ಲ. 2023ರಲ್ಲಿ ಈ ವ್ಯವಸ್ಥೆ ನೂರಕ್ಕೆ 98 ಪಾಲು ನೀರನ್ನು ಮರಳಿ ಪಡೆಯುವ ಮಟ್ಟ ಮುಟ್ಟಿತು. ಅಮ್ಮನಿಗೆ ಹೇಳಿದೆ. "ತಲೆ ತೊಳೆದ ನೀರನ್ನೇ ಕುಡೀತಾರಾ? ಶಿವನೇ!" ಅಂದವಳು ಅವತ್ತಿಡೀ ನನ್ನ ಫೋನ್ ಕಡೆ ತಿರುಗಿಯೂ ನೋಡಲಿಲ್ಲ.

ಎರಡನೇ ಸಲ ಎಣ್ಣೆ ಇಲ್ಲದ ತಲೆಗೆ, ನೈಬರ್ಗ್ ಕ್ರಮದಲ್ಲಿ. ಒಂದು ಲೋಟ ಬಿಸಿನೀರು, ಮೂರು ಒಣ ಟವೆಲ್. ನೊರೆ ಜಾಸ್ತಿ ಬರಲಿಲ್ಲ, ಆದರೆ ಟವೆಲ್ಲಿಗೆ ಬಂದ ಕಂದು ಬಣ್ಣ ನೋಡಿ ನನಗೇ ನಾಚಿಕೆ ಆಯಿತು. ಕೆರೆತ ನಿಂತಿತು. ಎರಡು ದಿನ ಹಾಯಾಗಿದ್ದೆ, ಮೂರನೇ ದಿನ ಮತ್ತೆ ಜಿಡ್ಡು.

ಐದಕ್ಕೆ ಮೂರು ಸ್ಟಾರ್. ಎಣ್ಣೆ ಹಚ್ಚುವವರು, ಸೊಂಟದವರೆಗೆ ಜಡೆ ಇರುವವರು ಸುಮ್ನೆ ದುಡ್ಡು ಹಾಳು ಮಾಡಬೇಡಿ. ಗಿಡ್ಡ ಕೂದಲಿನವರಿಗೆ, ಹಾಸಿಗೆ ಹಿಡಿದವರಿಗೆ ಧಾರಾಳವಾಗಿ ತರಿಸಿ. ಉಳಿದ ಅರ್ಧ ಬಾಟಲಿಯನ್ನು ಪಕ್ಕದ ಮನೆ ಅಜ್ಜಿಗೆ ಕೊಟ್ಟೆ, ಅವರ ತುಂಡು ಕೂದಲಿಗೆ ಒಂದೇ ಟವೆಲ್ ಸಾಕಾಯಿತಂತೆ. ಮುಚ್ಚಳ ಸೋರುತ್ತದೆ, ಬಾಟಲಿಯನ್ನು ನಿಲ್ಲಿಸಿಯೇ ಇಡಿ.