ಮುರಿದ ಮರ ಇಳಿಸಿಕೊಟ್ಟ ತಂಡ: ಐದಕ್ಕೆ ಮೂರೂವರೆ

ಮರ ಕಡಿಯುವವರ ಬಗ್ಗೆಯೂ ರಿವ್ಯೂ ಬರೆಯುತ್ತಾರಾ ಅಂತ ನಗಬೇಡಿ. ಹಲಸಿನ ಮರದ ಅರ್ಧ ತಲೆ ಕೊಟ್ಟಿಗೆ ಮಾಡಿನ ಮೇಲೆ ಕೂತಿದ್ದಾಗ, ಕರೆಂಟಿಲ್ಲದ ಮನೆಯಲ್ಲಿ ಮೊಬೈಲಿನ ಕೊನೆಯ ಹನಿ ಚಾರ್ಜು ಇಟ್ಟುಕೊಂಡು ನಾನು ಹುಡುಕಿದ್ದು ಇಂಥದ್ದನ್ನೇ. ಒಂದೂ ಸಿಗಲಿಲ್ಲ. ತಂಡದ ಹೆಸರು ಹಾಕುವುದಿಲ್ಲ. ತೀರ್ಥಹಳ್ಳಿ ಸುತ್ತಮುತ್ತ ಇಂಥವರು ನಾಲ್ಕಾರು ಜನ ಇದ್ದಾರೆ, ನೀವು ಯಾರನ್ನು ಕರೆದರೂ ಕೇಳಬೇಕಾದ ಪ್ರಶ್ನೆ ಹೆಚ್ಚುಕಮ್ಮಿ ಇವೇ.

ನಮ್ಮದು ಮೇಗರವಳ್ಳಿ ಕಡೆ. ಏಪ್ರಿಲ್ ಮೂರನೇ ವಾರ, ಸಂಜೆ ನಾಲ್ಕೂವರೆ. ಬೆಳಗಿಂದ ಮೈಯೆಲ್ಲ ಅಂಟಂಟು, ಒಂದೆಲೆ ಅಲ್ಲಾಡಿರಲಿಲ್ಲ. ಆಮೇಲೆ ಮೂಡು ದಿಕ್ಕು ಕಪ್ಪಾಯಿತು, ಗಾಳಿ ಎದ್ದಿತು, ಅದರ ಹಿಂದೆಯೇ ಆಲಿಕಲ್ಲು. ಹೇಳುವವರೆಲ್ಲ ನಿಂಬೆಹಣ್ಣಿನ ಗಾತ್ರ ಅನ್ನುತ್ತಾರೆ, ನಮ್ಮ ಅಂಗಳಕ್ಕೆ ಬಿದ್ದದ್ದು ಕಡಲೆಕಾಳಿನಿಂದ ಸುಲಿದ ಅಡಿಕೆಯವರೆಗೆ, ಅಷ್ಟೇ. ಅಮ್ಮ ಚೆಂಬು ಹಿಡಿದುಕೊಂಡು ಆರಿಸಲು ಹೊರಟಿದ್ದರು, ಅಷ್ಟರಲ್ಲಿ ಹಿತ್ತಲ ಕಡೆಯಿಂದ ಲಟಲಟ ಅಂತ ಸದ್ದು. ಎಲ್ಲಾ ಸೇರಿ ಹತ್ತು ನಿಮಿಷ. ಮಳೆಗಾಲದಲ್ಲಿ ವಾರಗಟ್ಟಲೆ ಹೊಡೆಯುವ ಗಾಳಿಮಳೆಗೆ ಬಗ್ಗದ ಮೂರು ಮರ ಈ ಹತ್ತು ನಿಮಿಷಕ್ಕೆ ಮುರಿದವು. ಹಲಸಿನ ಮರದ ತುಂಬ ಬಲಿತ ಕಾಯಿ ಇತ್ತು, ಅದಕ್ಕೆ ಭಾರ ತಡೆಯಲಿಲ್ಲ. ಮೆಣಸಿನ ಬಳ್ಳಿ ಹಬ್ಬಿಸಿದ್ದ ಸಿಲ್ವರ್ ಓಕ್ ಮರ ನಡುವಿಗೇ ತುಂಡು. ಹೊಟ್ಟೆ ಉರಿದದ್ದು ಮಾತ್ರ ಉಪ್ಪಿನಕಾಯಿಗೆ ಹಾಕುವ ಅಪ್ಪೆಮಿಡಿ ಮಾವಿನ ಮರ ನೋಡಿ. ಅಜ್ಜನ ಕಾಲದ್ದು. ಕವಲಿನಲ್ಲಿ ಸೀಳಿ, ಒಂದು ದೊಡ್ಡ ಕೊಂಬೆ ಪೂರ್ತಿ ಹರಿದು ನೇತಾಡುತ್ತಿತ್ತು.

ಅಕ್ಕನ ಮಗ ಅಮೆರಿಕದ ಆಸ್ಟಿನ್‌ನಲ್ಲಿದ್ದಾನೆ. ಫೋಟೋ ಕಳಿಸಿದೆ. "ಮಾವ, ಇದು ನಮ್ಮ ಹಿತ್ತಲ ಹಾಗೇ ಇದೆಯಲ್ಲ" ಅಂದ. 2023ರ ಫೆಬ್ರವರಿ ಶುರುವಿನಲ್ಲಿ ಅವರ ಊರಿಗೆ ಐಸ್ ಮಳೆ ಬಂದಿತ್ತು. ನಮ್ಮಲ್ಲಿ ಆಲಿಕಲ್ಲು ಬಿದ್ದು ಉರುಳಿ ಹೋಗುತ್ತದೆ, ಅಲ್ಲಿ ಹಾಗಲ್ಲ. ಬೀಳುವಾಗ ನೀರು, ಕೊಂಬೆಗೆ ತಾಗಿದ ಕೂಡಲೇ ಐಸ್. ಅದರ ಮೇಲೆ ಇನ್ನೊಂದು ಪದರ, ಮತ್ತೊಂದು ಪದರ. ಕೊಂಬೆಯ ಭಾರ 30 ಪಟ್ಟಿನವರೆಗೂ ಏರಬಹುದಂತೆ. ಅವರ ಊರಿನ ಲೈವ್ ಓಕ್ ಮರಗಳು ಚಳಿಗಾಲದಲ್ಲೂ ಎಲೆ ಹೊತ್ತಿರುತ್ತವೆ, ಒಂದೊಂದು ಎಲೆಗೂ ಐಸ್ ಹಿಡಿಯಿತು. ರಾತ್ರಿಯಿಡೀ ಗರ್ನಾಲು ಸಿಡಿದ ಹಾಗೆ ಕೊಂಬೆಗಳು ಮುರಿದವು ಅಂತ ಅವನು ಹೇಳಿದ್ದು ನೆನಪಿದೆ. ಕರೆಂಟು ಹೋಗಿ ಮೈಮೇಲೆ ಮೂರು ಕಂಬಳಿ ಹೊದ್ದು ಕೂತಿದ್ದನಂತೆ. ಇಲ್ಲಿ ಅಮ್ಮ ಬೀಸಣಿಗೆ ಹಿಡಿದು ಕೂತಿದ್ದರು. ಅಷ್ಟೇ ವ್ಯತ್ಯಾಸ. ಅವನು ಆಗ ಕಲಿತದ್ದೆಲ್ಲ ನನಗೆ ಫೋನಿನಲ್ಲಿ ಪಾಠ ಮಾಡಿದ, ಅದು ಉಪಯೋಗಕ್ಕೂ ಬಂತು.

ಸರಿ, ತಂಡದ ವಿಷಯ. ಮೊದಲು ಕರೆಂಟಿನವರ ದೂರಿನ ನಂಬರು 1912ಕ್ಕೆ ಫೋನ್ ಮಾಡಿ ಮನೆಗೆ ಬರುವ ಲೈನು ಮರದ ಕೆಳಗೆ ಸಿಕ್ಕಿದೆ ಅಂತ ಬರೆಸಿದೆ. ಮಾರನೇ ದಿನ ಲೈನ್‌ಮ್ಯಾನ್ ಬಂದು ಕಂಬದಲ್ಲೇ ವಯರು ಬಿಡಿಸಿ ಹೋದರು. ಅದಕ್ಕೆ ಮುಂಚೆ ಯಾರೂ ಮರ ಮುಟ್ಟಬೇಡಿ. ಪಕ್ಕದ ಮನೆಯವರು ಕತ್ತಿ ಹಿಡಿದುಕೊಂಡೇ ಬಂದಿದ್ದರು ಪಾಪ, ಕೈ ಮುಗಿದು ವಾಪಸ್ ಕಳಿಸಿದೆ.

ಮೂರನೇ ದಿನ ತಂಡ ಬಂತು. ಐದು ಜನ, ಎರಡು ಮೆಷಿನ್ ಗರಗಸ, ಒಂದು ಪಿಕಪ್ಪು. ಮೇಸ್ತ್ರಿ ಮೂರು ಮರ ಸುತ್ತಿ ನೋಡಿ 18,000 ಅಂದರು. ಮಾತಾಡಲೇ ಇಲ್ಲ ನಾನು, ಅದೇ ಮೊದಲ ತಪ್ಪು. ಹೊರೆ ಯಾರು ಸಾಗಿಸಬೇಕು, ದಿಮ್ಮಿ ಯಾರಿಗೆ, ಸೌದೆ ಸೈಜು ಮಾಡಿಕೊಡುತ್ತಾರಾ, ಹಂಚು ಒಡೆದರೆ ಯಾರ ತಲೆಗೆ, ಇದೊಂದನ್ನೂ ಕೇಳಲಿಲ್ಲ. ಕೊನೆಗೆ ಕೊಟ್ಟದ್ದು 21,500. ಸೊಪ್ಪು ಎಳೆದು ಹಾಕಿದ್ದಕ್ಕೆ ಬೇರೆ, ಎರಡನೇ ದಿನದ ಪೆಟ್ರೋಲಿಗೆ ಬೇರೆ. ಪೆಟ್ರೋಲಿಗೆ! ಆಟೋ ಹತ್ತಿದವನು ಪೆಟ್ರೋಲ್ ಬೇರೆ ಕೊಡುತ್ತಾನಾ?

ಆದರೆ ಹಲಸು ಇಳಿಸಿದ ರೀತಿಗೆ ನಾನು ಐದಕ್ಕೆ ಐದು ಕೊಡುತ್ತೇನೆ. ಆ ತಂಡದಲ್ಲಿ ಒಬ್ಬ ಹುಡುಗ ಇದ್ದಾನೆ, ಇಪ್ಪತ್ತೈದು ದಾಟಿರಲಿಕ್ಕಿಲ್ಲ, ಮಾತೇ ಆಡುವುದಿಲ್ಲ. ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಮೇಲೆ ಹೋದವನು ಮೊದಲು ಗರಗಸ ಕೇಳಲೇ ಇಲ್ಲ. ಒಂದೊಂದೇ ಕಾಯಿ ಕೊಯ್ದು ಗೋಣಿಚೀಲದಲ್ಲಿ ಕೆಳಗೆ ಬಿಟ್ಟ. ಹದಿನೇಳು ಕಾಯಿ. ಭಾರ ಇಳಿದ ಮೇಲೆ ಕೊಂಬೆ ತಾನಾಗಿಯೇ ಗೇಣುದ್ದ ಮೇಲೆದ್ದಿತು, ನಾವೆಲ್ಲ ನೋಡುತ್ತಿದ್ದ ಹಾಗೆ. ಆಮೇಲೆ ಮೇಲಿನ ಗಟ್ಟಿ ಕವಲಿಗೆ ಹಗ್ಗ ಹಾಕಿ, ಇನ್ನೊಂದು ತುದಿಯನ್ನು ತೆಂಗಿನ ಬುಡಕ್ಕೆ ಎರಡು ಸುತ್ತು ಸುತ್ತಿಸಿ, ತುಂಡು ತುಂಡಾಗಿ ಕುಯ್ದು ಇಳಿಸಿದ. ಬಗ್ಗಿ ಸಿಕ್ಕಿಕೊಂಡ ಕೊಂಬೆ ಕುಯ್ದ ಕೂಡಲೇ ಬಿಲ್ಲಿನ ಹಾಗೆ ಚಿಮ್ಮುತ್ತದೆ, ಮೈಮೇಲೆ ಬಂದರೆ ಕಥೆ ಮುಗಿಯಿತು. ಅದು ಅವನಿಗೆ ಗೊತ್ತಿತ್ತು. ಬಗ್ಗಿದ ಒಳಮೈ ಕಡೆಯಿಂದ ಸ್ವಲ್ಪ ಸ್ವಲ್ಪವೇ ಗರಗಸ ಆಡಿಸಿ ಬಿಗಿ ಬಿಡಿಸುತ್ತಿದ್ದ. ನಡುನಡುವೆ ಹಲಸಿನ ಮೇಣ ಚೈನಿಗೆ ಹಿಡಿದು ಮೆಷಿನ್ ನಿಂತೇ ಹೋಗುತ್ತಿತ್ತು, ಆಗೆಲ್ಲ ಕೆಳಗಿಳಿಸಿ ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸುವುದು, ಮತ್ತೆ ಏರಿಸುವುದು. ಮರ ಬಿದ್ದಾಗ ಒಡೆದ ಹಂಚು ಅರುವತ್ತರ ಮೇಲೆ, ಇವರು ಇಳಿಸುವಾಗ ಒಡೆದದ್ದು ಎರಡು. ಮಾಡಿನ ಮರಗಳಾದ ಪಕಾಸು, ರೀಪು ಒಂದಕ್ಕೂ ಹೊಸ ಪೆಟ್ಟು ಬೀಳಲಿಲ್ಲ.

ಸಿಲ್ವರ್ ಬಗ್ಗೆ ಹೇಳಲು ಏನಿಲ್ಲ. ಬುಡಕ್ಕೆ ಕುಯ್ದರು. ಬಳ್ಳಿ ಬಿಡಿಸುವಷ್ಟು ತಾಳ್ಮೆ ಅವರಿಗೆ ಇರಲಿಲ್ಲ, ನಾನು ನನ್ನ ಹೆಂಡತಿ ಕೂತು ಬಿಡಿಸಿದೆವು.

ಜಗಳ ಶುರುವಾದದ್ದು ಮಾವಿನ ಮರದ ಹತ್ತಿರ. "ಗೌಡ್ರೆ, ಇದು ಸತ್ತ ಲೆಕ್ಕ. ಬುಡಕ್ಕೇ ತೆಗೆದುಬಿಡುವ, ದಿಮ್ಮಿ ನಾವೇ ಒಯ್ತೇವೆ, ದುಡ್ಡಲ್ಲಿ ಎರಡು ಸಾವಿರ ಕಮ್ಮಿ ಮಾಡ್ತೇವೆ" ಅಂದರು ಮೇಸ್ತ್ರಿ. ಅನುಮತಿ ಅಂದರೆ "ಅದೆಲ್ಲ ನಾವು ನೋಡ್ಕೋತೇವೆ". ಈ ಮಾತು ಕೇಳಿದ ಕೂಡಲೇ ಒಂದು ಹೆಜ್ಜೆ ಹಿಂದೆ ಸರಿಯಿರಿ. ಸಿಲ್ವರಿಗೆ ಅನುಮತಿ ಬೇಡ, ನಿಜ. ಆದರೆ ಬೇರೆ ಮರ ಬುಡಕ್ಕೆ ಕಡಿಯುವ ಮೊದಲು ಅರಣ್ಯ ಇಲಾಖೆಯ ರೇಂಜ್ ಆಫೀಸಿನಲ್ಲಿ ಒಂದು ಮಾತು ಕೇಳಿಕೊಳ್ಳುವುದು ವಾಸಿ. 1976ರ ವೃಕ್ಷ ಸಂರಕ್ಷಣಾ ಕಾಯ್ದೆ ಇದೆ, ಮರ ನಮ್ಮ ಜಾಗದಲ್ಲಿದ್ದರೂ ಅನ್ವಯ ಆಗುತ್ತದೆ. ಆಮೇಲೆ ಉತ್ತರ ಕೊಡಬೇಕಾದವರು ಮನೆ ಯಜಮಾನರೇ ಹೊರತು ಪಿಕಪ್ಪಿನವರಲ್ಲ.

ನಾನು ಒಪ್ಪಲಿಲ್ಲ. ಅರ್ಧಕ್ಕಿಂತ ಜಾಸ್ತಿ ತಲೆ ಉಳಿದಿದ್ದರೆ, ಬೇರು ಎದ್ದಿರದಿದ್ದರೆ, ಅವಸರ ಮಾಡಬೇಡಿ ಮಾವ ಅಂತ ಅಕ್ಕನ ಮಗ ಆಸ್ಟಿನ್‌ನಿಂದ ಹೇಳಿದ್ದ. ಬೇರು ಎದ್ದಿರಲಿಲ್ಲ. ಆಗ ಮೇಸ್ತ್ರಿ ಇನ್ನೊಂದು ರಾಗ ತೆಗೆದರು, ಉಳಿದದ್ದನ್ನೂ ಮೊಟಕು ಮಾಡಿದರೆ ಗಾಳಿ ಹಿಡಿಯುವುದಿಲ್ಲ ಅಂತ. ಹಾಗೆ ಬೋಳಿಸಿದ ಮರ ಒಂದಕ್ಕೆ ಹತ್ತು ಚಿಗುರು ಒಡೆಯುತ್ತದೆ, ಸರಿ. ಅವು ಮೇಲುಮೇಲೆ ಅಂಟಿಕೊಂಡಿರುತ್ತವೆ ಅಷ್ಟೇ, ದಪ್ಪ ಆಗುತ್ತಿದ್ದ ಹಾಗೆ ಮತ್ತೆ ಗಾಳಿಗೆ ಕಿತ್ತು ಬರುತ್ತವೆ. ರಸ್ತೆ ಪಕ್ಕದ ಮರಗಳನ್ನು ನೋಡಿ, ಗೊತ್ತಾಗುತ್ತದೆ.

ಇಷ್ಟರಲ್ಲಿ ಮಾತಾಡದ ಹುಡುಗ ಮರ ಹತ್ತಿ ಆಗಿತ್ತು. ಅದರಲ್ಲಿ ಚಗಳಿ, ಅಂದರೆ ಕೆಂಪಿರುವೆಯ ಗೂಡು ನಾಲ್ಕೈದಾದರೂ ಇದ್ದವು. ಕೈ ಕುತ್ತಿಗೆಯೆಲ್ಲ ಕಚ್ಚಿಸಿಕೊಂಡು, ಒಂದೂ ಬೈಗುಳ ಇಲ್ಲದೆ, ಎರಡು ಗೂಡು ಮೆಲ್ಲಗೆ ಮುರಿದು ಬಕೆಟ್ಟಿಗೆ ಹಾಕಿ ಕೆಳಗೆ ಬಿಟ್ಟ. ಚಟ್ನಿಗೆ. ಮಧ್ಯಾಹ್ನ ಊಟಕ್ಕೆ ಅಮ್ಮನೇ ಅರೆದು ಕೊಟ್ಟರು. ಮಾವಿನ ಹರಿದ ಕೊಂಬೆಯನ್ನು ಅವನು ಕುಯ್ದದ್ದು ನೋಡುವ ಹಾಗಿತ್ತು. ಮೊದಲು ಬುಡದಿಂದ ಒಂದು ಮಾರು ದೂರ, ಕೆಳಗಿನಿಂದ ಕಾಲುಭಾಗ ಗೀರಿದ. ಆಮೇಲೆ ಇನ್ನೂ ಚೂರು ಆಚೆ, ಮೇಲಿನಿಂದ. ಭಾರ ಬಿದ್ದು ಹೋಯಿತು, ತೊಗಟೆ ಒಂದು ಎಳೆ ಸೀಳಲಿಲ್ಲ. ಕೊನೆಗೆ ಉಳಿದ ಮೋಟನ್ನು, ಕೊಂಬೆ ಶುರುವಾಗುವಲ್ಲಿ ಉಬ್ಬಿಕೊಂಡಿರುವ ಉಂಗುರ ಬಿಟ್ಟು ಕುಯ್ದ. ಮರ ಗಾಯ ಮುಚ್ಚಿಕೊಳ್ಳುವುದು ಆ ಉಂಗುರದಿಂದಲೇ.

ನಾನು ಕಾಫಿಗೆ ಒಳಗೆ ಹೋದೆ. ಅದು ಎರಡನೇ ತಪ್ಪು. ಬರುವಷ್ಟರಲ್ಲಿ ಹುಡುಗ ಕೆಳಗೆ, ಮೇಸ್ತ್ರಿಯ ಇನ್ನೊಬ್ಬ ಆಳು ಮೇಲೆ. ಬೇಗ ಮುಗಿಸಲಿಕ್ಕೆ. ಒಂದು ಕೊಂಬೆಯನ್ನು ಕಾಂಡಕ್ಕೆ ಸಮವಾಗಿ, ಉಂಗುರವೂ ಹೋಗುವ ಹಾಗೆ ತರಿದಿದ್ದ. ಇನ್ನೊಂದರಲ್ಲಿ ಒಂದಡಿ ಮೋಟು ಹಾಗೇ ಬಿಟ್ಟಿದ್ದ. ಎರಡಕ್ಕೂ ಡಾಂಬರು ಬಳಿದು, "ಮದ್ದು ಹಾಕಿದ್ದೇವೆ ಗೌಡ್ರೆ" ಬೇರೆ. ಡಾಂಬರು ಮದ್ದಲ್ಲ. ಆಸ್ಟಿನ್‌ನಲ್ಲಿ ಓಕ್ ಮರಕ್ಕೆ ತಗಲುವ ಒಂದು ರೋಗಕ್ಕೆ ಹೆದರಿ ಗಾಯಕ್ಕೆ ಕೂಡಲೇ ಬಣ್ಣ ಹಚ್ಚುತ್ತಾರಂತೆ. ಉಳಿದ ಮರಗಳಿಗೆ ಅವರೂ ಹಾಗೇ ಬಿಡುತ್ತಾರೆ.

ಈಗ ಆಗಸ್ಟ್. ಹುಡುಗ ಕುಯ್ದ ಕಡೆ ಸುತ್ತಲೂ ತೊಗಟೆ ಒಳಗೆ ಮಡಚಿಕೊಂಡು ಬರುತ್ತಿದೆ, ಬಳೆಯ ಹಾಗೆ. ಡಾಂಬರಿನ ಗಾಯ ಹಾಗೇ ಇದೆ, ಅಂಚಿನಲ್ಲಿ ಬಿರುಕು ಬಿಟ್ಟು ಒಳಗೆ ತೇವ. ಒಂದಡಿ ಮೋಟಿನ ಮೇಲೆ ಅಣಬೆ ಎದ್ದಿದೆ.

ಹಗ್ಗದ ಕೆಲಸಕ್ಕೆ ಐದು, ಮಾವಿಗೆ ಎರಡೂವರೆ, ದುಡ್ಡಿನ ಮಾತಿಗೆ ಎರಡು. ಲೆಕ್ಕ ಹಾಕಿದರೆ ಮೂರೂವರೆ ಬರುವುದಿಲ್ಲ, ಗೊತ್ತು. ಆ ಎರಡೇ ಹಂಚು ನೆನೆಸಿಕೊಂಡು ಕೊಟ್ಟೆ. ದೀಪಾವಳಿ ಕಳೆದು ಮರ ಒಣಗಿದ ಮೇಲೆ ಆ ಮೋಟು ಸರಿ ಮಾಡಿಸಬೇಕು, ಅದಕ್ಕೆ ಅವರನ್ನೇ ಕರೆಯುತ್ತೇನೆ. ಹತ್ತುವುದು ಆ ಹುಡುಗನೇ ಅಂತಾದರೆ ಮಾತ್ರ. ನನ್ನ ಕಾಫಿ ಆವತ್ತು ಮರದ ಬುಡಕ್ಕೇ ಬರಲಿ.