ಒಂದೇ ಕಥೆಗೆ ಮೂರು ಕೊನೆ: ಇವಾಂಗೆಲಿಯನ್ ಮತ್ತೆ ನೋಡಿದೆ

2008ರಲ್ಲಿ, ಮೈಸೂರಿನ ಹಾಸ್ಟೆಲ್‌ನಲ್ಲಿದ್ದಾಗ ಸೀನಿಯರ್ ಒಬ್ಬರು ನನಗೆ ಜಪಾನಿನ ಅನಿಮೇಷನ್ ಕಥೆ ‘ಇವಾಂಗೆಲಿಯನ್’ನ ಒಂದು ಸೀಡಿ ಕೊಟ್ಟರು. ಅದರ ಮೇಲೆ ಸ್ಕೆಚ್ ಪೆನ್ನಿನಲ್ಲಿ ‘ಎಂಡ್ – 1’ ಅಂತ ಬರೆದಿತ್ತು. ಒಂದು ಇದ್ದರೆ ಎರಡೂ ಇರಬೇಕು ಅನ್ನುವ ಬುದ್ಧಿ ಆಗ ಹೊಳೆಯಲಿಲ್ಲ. ಇವಾ ಅಂದರೆ ಈ ಕಥೆಯ ಮನುಷ್ಯಾಕಾರದ ದೈತ್ಯ ಯಂತ್ರ; ಶಿಂಜಿ, ಅಸುಕಾ ಅದರೊಳಗೆ ಕೂತು ನಡೆಸುವ ಹದಿನಾಲ್ಕರ ಮಕ್ಕಳು. ಬಿಳಿ ಇವಾಗಳು ರಣಹದ್ದುಗಳ ಹಾಗೆ ಬಂದು ಅಸುಕಾಳ ಕೆಂಪು ಇವಾವನ್ನು ಕಿತ್ತು ತಿನ್ನುತ್ತವೆ. ತಡವಾಗಿ ಮೇಲೆ ಬಂದ ಶಿಂಜಿ ಅದನ್ನು ನೋಡಿ ಕಿರುಚುತ್ತಾನೆ. ಅಷ್ಟರಲ್ಲಿ ಕೆಲಸ ಮಾಡಿದವರ ಹೆಸರುಗಳು ಉರುಳಲು ಶುರು. ಸರಿ, ಮುಗೀತು ಅಂತ ಲ್ಯಾಪ್‌ಟಾಪ್ ಮುಚ್ಚಿ ಮೆಸ್ಸಿಗೆ ಊಟಕ್ಕೆ ಹೋದೆವು. ಎರಡು ತಿಂಗಳು ನನ್ನ ಪಾಲಿಗೆ ಅದೇ ಕೊನೆ. ಆಮೇಲೆ ಯಾರೋ ಹೇಳಿದರು, ಆ ಸಿನಿಮಾದಲ್ಲಿ ಹೆಸರುಗಳು ಬರುವುದೇ ಮಧ್ಯದಲ್ಲಿ, ಇನ್ನರ್ಧ ಬಾಕಿ ಇದೆ ಅಂತ.

ಈ ಕಥೆಯ ಕೊನೆ ನನಗೆ ಕೈಗೆ ಸಿಗದ್ದು ಅಲ್ಲಿಂದಲೇ. ಅದರಲ್ಲಿ ನನ್ನ ತಪ್ಪಷ್ಟೇ ಇಲ್ಲ. ನಿರ್ದೇಶಕ ಹಿದೆಯಾಕಿ ಆನ್ನೋ ಇದನ್ನು ಮೂರು ಸಲ ಮುಗಿಸಿದ್ದಾರೆ. 1996ರ ಮಾರ್ಚ್‌ನಲ್ಲಿ ಟಿವಿ ಸರಣಿಯ 25 ಮತ್ತು 26ನೇ ಕಂತುಗಳಲ್ಲಿ ಒಮ್ಮೆ. 1997ರ ಜುಲೈನಲ್ಲಿ ‘ದಿ ಎಂಡ್ ಆಫ್ ಇವಾಂಗೆಲಿಯನ್’ ಸಿನಿಮಾದಲ್ಲಿ ಇನ್ನೊಮ್ಮೆ. ಕಥೆಯನ್ನು ಮೊದಲಿಂದ ಶುರು ಮಾಡಿ ತೆಗೆದ ನಾಲ್ಕು ಸಿನಿಮಾಗಳ ಸಾಲಿನ ಕೊನೆಯದು, ‘3.0+1.0: ಥ್ರೈಸ್ ಅಪಾನ್ ಎ ಟೈಮ್’, 2021ರ ಮಾರ್ಚ್ 8ರಂದು ಬಂತು. ಅದು ಮೂರನೆಯದು.

ಹೋದ ದಸರಾ ರಜೆಗೆ ಅಕ್ಕನ ಮಗ ನಮ್ಮನೆಗೆ ಬಂದಿದ್ದ. ಹತ್ತೊಂಬತ್ತು ವರ್ಷ. ಟಿವಿ ಸರಣಿ ಪೂರ್ತಿ ನೋಡಿಕೊಂಡೇ ಬಂದಿದ್ದ. ಹೊಸ ಸಾಲಿನ ಮೊದಲ ಮೂರು ಸಿನಿಮಾಗಳನ್ನು ಹಗಲು ನೋಡಿದೆವು. ಮೂರು ಕೊನೆಗಳನ್ನು ಮೂರು ರಾತ್ರಿಗೆ ಹಂಚಿಕೊಂಡೆವು. ಕಥೆ ಬಿಚ್ಚಿಟ್ಟೇ ಬರೆಯುತ್ತಿದ್ದೇನೆ. ಇನ್ನೂ ನೋಡದವರು ಇಲ್ಲೇ ನಿಲ್ಲಿಸಿ.

ಮೊದಲ ರಾತ್ರಿ ಬೇಗ ಮುಗಿಯಿತು. ಎರಡು ಕಂತು, ಮುಕ್ಕಾಲು ಗಂಟೆ. ಸಮಯ ಸಾಲದೆ ಮಾಡಿದ್ದು ಅನ್ನುವುದು ಕಣ್ಣಿಗೆ ಹೊಡೆಯುತ್ತದೆ. ಹಳೆಯ ದೃಶ್ಯಗಳೇ ಮತ್ತೆ ಮತ್ತೆ ಬರುತ್ತವೆ. ನಿಂತ ಚಿತ್ರಗಳು, ಪೆನ್ಸಿಲ್ ಗೀಟುಗಳು, ಕತ್ತಲಲ್ಲಿ ಒಂದು ಕುರ್ಚಿ, ಅದರ ಮೇಲೆ ಶಿಂಜಿ. ಹೊರಗೆ ಲೋಕಕ್ಕೆ ಏನಾಯ್ತು ಅಂತ ಯಾರೂ ಹೇಳುವುದಿಲ್ಲ. ಇಡೀ ಕಥೆ ಹುಡುಗನ ತಲೆಯೊಳಗೆ ನಡೆಯುತ್ತದೆ. ಕೊನೆಗೆ ‘ನಾನು ಇಲ್ಲಿರಬಹುದು’ ಅಂತ ಅವನಿಗೆ ಅನ್ನಿಸಿದ ಕೂಡಲೇ ಎಲ್ಲರೂ ಸುತ್ತ ನಿಂತು ಚಪ್ಪಾಳೆ ತಟ್ಟಿ, ‘ಒಮೆದೆತೋ’, ಅಭಿನಂದನೆ, ಅನ್ನುತ್ತಾರೆ. ನನಗೆ ಇದು ಹಿಂದೆಯೂ ಇಷ್ಟ, ಈಗಲೂ ಇಷ್ಟ. ಆದರೆ ಇದು ಕೊನೆಯಲ್ಲ, ಒಂದು ಒಳ್ಳೆ ಮಾತುಕತೆ. ಪರೀಕ್ಷೆಯಲ್ಲಿ ಪ್ರಶ್ನೆ ಬಿಟ್ಟು, ಉತ್ತರ ಗೊತ್ತಿರುವ ಬೇರೇನನ್ನೋ ಚೆನ್ನಾಗಿ ಬರೆದ ಹಾಗೆ.

ಎರಡನೇ ರಾತ್ರಿ ಬಾಗಿಲು ಹಾಕಿಕೊಂಡು ನೋಡಿದೆವು. ಅದು ಬೇಕು. 87 ನಿಮಿಷದ ಈ ಸಿನಿಮಾದ ಮೊದಲ ದೃಶ್ಯವೇ ಮನೆಮಂದಿ ಜೊತೆ ಕೂತು ನೋಡುವಂಥದ್ದಲ್ಲ. ಆಸ್ಪತ್ರೆಯಲ್ಲಿ ಪ್ರಜ್ಞೆ ಇಲ್ಲದೆ ಮಲಗಿರುವ ಅಸುಕಾ ಮುಂದೆ ಶಿಂಜಿ ಮಾಡುವುದು ಅಸಹ್ಯ. ಅದು ಅಸಹ್ಯ ಅಂತ ಅವನೇ ಹೇಳಿಕೊಳ್ಳುತ್ತಾನೆ. ನಾಯಕನ ಮೇಲೆ ಇದ್ದ ಕನಿಕರವನ್ನು ಮೊದಲ ಐದು ನಿಮಿಷದಲ್ಲೇ ಕಿತ್ತುಕೊಂಡು ಸಿನಿಮಾ ಮುಂದಕ್ಕೆ ಹೋಗುತ್ತದೆ.

ಆಮೇಲೆ ಬರುವ ಅಸುಕಾ ಕಾಳಗ. ಮೂರೂವರೆ ನಿಮಿಷದ ಬ್ಯಾಟರಿ, ಎದುರಿಗೆ ಒಂಬತ್ತು ಇವಾ. ಕೈಯಲ್ಲಿ ಬರೆದ ಅನಿಮೇಷನ್‌ನಲ್ಲಿ ಇದಕ್ಕಿಂತ ತೂಕದ ಹೊಡೆದಾಟ ನಾನು ನೋಡಿಲ್ಲ. ಪ್ರತಿ ಏಟಿಗೂ ಭಾರ ಇದೆ. ಕೆರೆಗೆ ಬೀಳುವುದು, ಬೆನ್ನು ಮುರಿಯುವುದು, ಎಲ್ಲ ನಮ್ಮ ಮೈಗೇ ಆದ ಹಾಗೆ ಅನ್ನಿಸುತ್ತದೆ. ಹೆಸರುಗಳು ಉರುಳಿದಾಗ ಅಕ್ಕನ ಮಗ ರಿಮೋಟಿಗೆ ಕೈ ಹಾಕಿದ. ‘ಇರು ಮಾರಾಯ, ನಾನು ಒಮ್ಮೆ ಮೋಸ ಹೋಗಿದ್ದೀನಿ’ ಅಂದೆ.

ಎರಡನೇ ಅರ್ಧದಲ್ಲಿ ಇವಾ ನಡೆಸುವ ಇನ್ನೊಬ್ಬ ಹುಡುಗಿ ರೇ ಎದ್ದು ನಿಲ್ಲುತ್ತಾಳೆ, ಭೂಮಿಗಿಂತ ಎತ್ತರಕ್ಕೆ. ಬಿಳಿ ಮೈ, ಕೆಂಪು ಕಣ್ಣು. ಲೋಕದ ಜನರೆಲ್ಲ ಒಬ್ಬೊಬ್ಬರಾಗಿ ಕಿತ್ತಳೆ ಬಣ್ಣದ ನೀರಾಗಿ ಒಡೆಯುತ್ತಾರೆ, ಹಿಂದೆ ಸಾವಿನ ಮೇಲಿನ ಒಂದು ಹಾಡು ಮಕ್ಕಳ ಹಾಡಿನ ಧಾಟಿಯಲ್ಲಿ ಬರುತ್ತಿರುತ್ತದೆ. ಇದ್ದಕ್ಕಿದ್ದಂತೆ ಕಾರ್ಟೂನ್ ನಿಂತು ನಿಜವಾದ ಥಿಯೇಟರ್, ನಿಜವಾದ ಪ್ರೇಕ್ಷಕರು ತೆರೆ ಮೇಲೆ ಬರುತ್ತಾರೆ. ಅಂದರೆ ನಾವೇ. ಏನು ನೋಡ್ತಾ ಕೂತಿದ್ದೀರಿ, ಮನೆಗೆ ಹೋಗಿ ಅಂತ ಗದರಿದ ಹಾಗೆ.

ಕೊನೆಗೆ ಕೆಂಪು ಸಮುದ್ರದ ದಡದಲ್ಲಿ ಇಬ್ಬರೇ. ಶಿಂಜಿ ಅಸುಕಾಳ ಕತ್ತು ಹಿಸುಕುತ್ತಾನೆ, ಅವಳು ಅವನ ಕೆನ್ನೆ ಸವರುತ್ತಾಳೆ, ಅವನು ಕೈಬಿಟ್ಟು ಅಳುತ್ತಾನೆ. ಅವಳು ‘ಕಿಮೊಚಿ ವಾರುಯ್’ ಅನ್ನುತ್ತಾಳೆ. ಅಷ್ಟಕ್ಕೇ ಸಿನಿಮಾ ಮುಗಿಯುತ್ತದೆ. ಇಂಗ್ಲಿಷ್ ಸಬ್‌ಟೈಟಲ್ ಮಾಡಿದವರು ಈ ಎರಡು ಪದಕ್ಕೆ ಒಂದೊಂದು ಕಡೆ ಒಂದೊಂದು ಥರ ಬರೆದಿದ್ದಾರೆ. ಒಬ್ಬರಿಗೆ ಅವಳು ಅವನನ್ನು ಬೈದದ್ದು, ಇನ್ನೊಬ್ಬರಿಗೆ ಅವಳಿಗೆ ವಾಕರಿಕೆ ಬಂದದ್ದು. ಜಪಾನಿ ಮಾತಿನಲ್ಲಿ ಎರಡೂ ಇದೆ. ನಮ್ಮಲ್ಲಿ ‘ಹೇಸಿಗೆ ಆಗ್ತಿದೆ’ ಅಂದರೆ ಹೆಚ್ಚುಕಡಿಮೆ ಎರಡೂ ಆಗುತ್ತದೆ ಅಲ್ವಾ? ಹೊಟ್ಟೆಯೊಳಗಿನದ್ದೂ ಹೌದು, ಎದುರಿಗಿರುವವನ ಮೇಲಿನದ್ದೂ ಹೌದು.

ಅಕ್ಕನ ಮಗ ಹತ್ತು ನಿಮಿಷ ಮಾತಾಡಲಿಲ್ಲ. ಆಮೇಲೆ ‘ಮಾಮ, ಇದನ್ನ ಯಾರೂ ಮೀರಿಸಕ್ಕಾಗಲ್ಲ’ ಅಂದ. 2008ರಲ್ಲಿ ನಾನೂ ಹೀಗೇ ಅಂದಿದ್ದೆ.

ಮೂರನೇ ರಾತ್ರಿಯ ಸಿನಿಮಾ 155 ನಿಮಿಷ. ಇದಕ್ಕೆ ಕೂರುವ ಮೊದಲು ಹಿಂದಿನ ಮೂರನ್ನೂ ನೋಡಿರಲೇಬೇಕು. 2007, 2009, 2012ರವು. ನಾಲ್ಕೂ ಸೇರಿ ಏಳೂವರೆ ಗಂಟೆ. ಸುಮ್ನೆ ಕೊನೆಯದೊಂದನ್ನೇ ಹಾಕಿದರೆ ತಲೆಬುಡ ಗೊತ್ತಾಗುವುದಿಲ್ಲ. ಮೂರನೆಯದಕ್ಕೂ ಇದಕ್ಕೂ ನಡುವೆ ಎಂಟು ವರ್ಷಕ್ಕೂ ಜಾಸ್ತಿ ಅಂತರ. 2012ರ ಸಿನಿಮಾ ಮುಗಿಸಿದ ಮೇಲೆ ಆನ್ನೋ ಖಿನ್ನತೆಗೆ ಬಿದ್ದರು, ಅದನ್ನು ಅವರೇ ಆಮೇಲೆ ಬರೆದುಕೊಂಡರು. ಕೊನೆಯದರ ಬಿಡುಗಡೆ ಕೊರೊನಾ ಕಾರಣಕ್ಕೆ ಎರಡು ಸಲ ಮುಂದಕ್ಕೆ ಹೋಯಿತು. ಬಂದ ಮೇಲೆ ಜಪಾನಿನಲ್ಲಿ 1,000 ಕೋಟಿ ಯೆನ್ ದಾಟಿತು.

ಮೊದಲು ಬೈದುಬಿಡುತ್ತೇನೆ. ಇದರ ಎರಡನೇ ಅರ್ಧದ ಹೊಡೆದಾಟಗಳು ನನಗೆ ಹಿಡಿಸಲಿಲ್ಲ. ಹಾರುವ ಹಡಗುಗಳು, ಲೆಕ್ಕವಿಲ್ಲದಷ್ಟು ಇವಾಗಳು, ಎಲ್ಲ ಕಂಪ್ಯೂಟರಿನ ಮಿಂಚು. ಯಾವ ಏಟಿಗೂ ಭಾರ ಇಲ್ಲ. ಜೊತೆಗೆ ನಿಮಿಷಕ್ಕೊಂದು ಹೊಸ ಈಟಿ, ಹೊಸ ಹೆಸರು. ಇಲ್ಲೂ ದೈತ್ಯ ರೇ ಎದ್ದು ಬರುತ್ತಾಳೆ. ಈ ಸಲ ಮುಖ ಫೋಟೋದಷ್ಟು ನಿಜ. ಬೇಕೆಂದೇ ವಿಕಾರವಾಗಿ ಮಾಡಿದ್ದಾರೆ ಅಂತ ಗೊತ್ತಾಗುತ್ತದೆ. ಆದರೂ 1997ರ ರೇಯನ್ನು ನೋಡಿ ನನಗೆ ಬೆನ್ನುಹುರಿ ತಣ್ಣಗಾಗಿತ್ತು, ಇವಳನ್ನು ನೋಡಿ ಅಕ್ಕನ ಮಗ ನಕ್ಕ. ಇದೊಂದು ಹೋಲಿಕೆಯಲ್ಲಿ ಹಳೆಯದಕ್ಕೆ ಪೂರ್ತಿ ಅಂಕ.

ಆದರೆ ಮೊದಲ ಅರ್ಧ ಇದೆಯಲ್ಲ, ಆ ಹಳ್ಳಿ. ಲೋಕ ಹಾಳಾಗಿ ಹದಿನಾಲ್ಕು ವರ್ಷ ಆದಮೇಲೆ ಉಳಿದ ಜನ ಕಟ್ಟಿಕೊಂಡ ಊರು, ಹೆಸರು ‘ಮೂರನೇ ಹಳ್ಳಿ’. ಹಳೇ ರೈಲು ಡಬ್ಬಿಗಳಲ್ಲಿ ವಾಸ, ಸಾಲು ನಿಂತು ಆಹಾರ. ರೈಲು ಎಂಜಿನ್ ತಿರುಗಿಸುವ ಚಕ್ರಕಟ್ಟೆಯ ಸುತ್ತ ಊರು ಹರಡಿಕೊಂಡಿದೆ. ಹಮಾಮತ್ಸು ಕಡೆಯ ತೆನ್ರ್ಯೂ-ಫುತಮತಾ ನಿಲ್ದಾಣದಲ್ಲಿ ಅಂಥದ್ದೊಂದು ಕಟ್ಟೆ ನಿಜವಾಗಿಯೂ ಇದೆ, ಅದೇ ಇದಕ್ಕೆ ಮಾದರಿ. ಆನ್ನೋ ಈ ಊರಿನ ಪುಟ್ಟ ಪ್ರತಿರೂಪ ಕಟ್ಟಿಸಿ, ಅದರೊಳಗೆ ಕ್ಯಾಮೆರಾ ಇಟ್ಟು ಕೋನ ಹುಡುಕಿದರು. ಅದಕ್ಕೇ ಇರಬೇಕು, ಈ ಓಣಿಗಳಲ್ಲಿ ನಾವೂ ನಡೆದಾಡಿದ ಹಾಗೆ ಅನ್ನಿಸುತ್ತದೆ. ಶಿಂಜಿಯ ಶಾಲೆಯ ಗೆಳೆಯರು ಇಲ್ಲಿ ದೊಡ್ಡವರಾಗಿದ್ದಾರೆ. ತೋಜಿ ಊರಿನ ಡಾಕ್ಟರ್, ಅವನಿಗೂ ಹಿಕಾರಿಗೂ ಮದುವೆಯಾಗಿ ಕೂಸು ಇದೆ. ಶಿಂಜಿ ಮಾತ್ರ ಹದಿನಾಲ್ಕರಲ್ಲೇ ಉಳಿದವನು, ಮಾತು ಬಿಟ್ಟು ಮೂಲೆಯಲ್ಲಿ ಕೂತವನು. ಸುಮಾರು ಮುಕ್ಕಾಲು ಗಂಟೆ ಯಾವ ಯುದ್ಧವೂ ಇಲ್ಲ.

ಈ ಹೊತ್ತಿಗೆ ಬಾಗಿಲು ತೆಗೆದಿತ್ತು. ಅಮ್ಮ ಬಟ್ಟೆ ಮಡಚಿಕೊಂಡು ಬಂದು ಕೂತರು. ತೆರೆ ಮೇಲೆ ರೇಯ ಇನ್ನೊಂದು ಪ್ರತಿ, ಊರವರು ‘ತದ್ರೂಪಿ’ ಅಂತ ಕರೆಯುವ ಹುಡುಗಿ, ಹೆಂಗಸರ ಜೊತೆ ಗದ್ದೆಗಿಳಿದು ಭತ್ತದ ನಾಟಿ ಮಾಡುತ್ತಿದ್ದಳು. ಮೈಗೆ ಅಂಟಿದ ಕಪ್ಪು ಪೈಲಟ್ ಉಡುಪಿನಲ್ಲೇ. ಅಮ್ಮ ಮಂಡ್ಯ ಕಡೆಯವರು, ಮದುವೆಗೆ ಮುಂಚೆ ಪ್ರತಿ ವರ್ಷ ಪೈರು ನೆಟ್ಟವರು. ‘ಆ ಬಟ್ಟೆ ಹಾಕ್ಕೊಂಡು ಗದ್ದೆಗಿಳಿದಿದಾಳಲ್ಲೋ, ಸೆಕೆ ಆಗಲ್ವಾ ಆ ಮಗೀಗೆ?’ ಅಂದರು. ಮೊಮ್ಮಗ ಅವಳು ಮನುಷ್ಯಳಲ್ಲ, ಪ್ರಯೋಗಾಲಯದಲ್ಲಿ ಮಾಡಿದವಳು ಅಂತೆಲ್ಲ ವಿವರಿಸಲು ಹೊರಟ. ಅಮ್ಮ ಕೇಳಿಸಿಕೊಳ್ಳಲಿಲ್ಲ. ‘ಸೊಂಟ ಹಿಡ್ಕೊಳತ್ತೆ ನೋಡು ನಾಳೆ’ ಅಂದರು.

ಆ ‘ನಾಳೆ’ ನನ್ನ ಕಿವಿಯಲ್ಲಿ ಉಳಿಯಿತು. ಟಿವಿಯ ಕೊನೆಯಲ್ಲಿ ನಾಳೆ ಇಲ್ಲ, ಚಪ್ಪಾಳೆ ಇದೆ. 1997ರದ್ದರಲ್ಲೂ ನಾಳೆ ಇಲ್ಲ. ದಡದ ಮೇಲಿನ ಇಬ್ಬರು ಮಾರನೇ ಬೆಳಗ್ಗೆ ಏನು ತಿಂದರು ಅಂತ ಆ ಸಿನಿಮಾ ಯೋಚಿಸುವುದೇ ಇಲ್ಲ. 2021ರದ್ದು ಮಾರನೇ ದಿನದಿಂದಲೇ ಶುರುವಾಗುತ್ತದೆ. ಸ್ನಾನ ಮಾಡಬೇಕು, ನೀರು ಪರೀಕ್ಷಿಸಬೇಕು, ಕೂಸಿಗೆ ಹಾಲು ಕುಡಿಸಬೇಕು. ಇಪ್ಪತ್ತರಲ್ಲಿ ಇದೆಲ್ಲ ನನಗೆ ಬೋರ್ ಹೊಡೆಯುತ್ತಿತ್ತು, ಒಪ್ಪಿಕೊಳ್ಳುತ್ತೇನೆ. ತಮಾಷೆ ಏನು ಗೊತ್ತಾ, 1997ರ ಸಿನಿಮಾ ಬಂದಾಗ ಆನ್ನೋಗೆ 37 ವರ್ಷ. ನನಗೀಗ ಅಷ್ಟೇ ವಯಸ್ಸು. ಆ ವಯಸ್ಸಿನಲ್ಲಿ ಅವರು ತೆಗೆದ ಸಿನಿಮಾಕ್ಕಿಂತ ಅರವತ್ತರಲ್ಲಿ ತೆಗೆದದ್ದು ನನಗೆ ಹತ್ತಿರ ಬಂತು.

ಈ ತದ್ರೂಪಿಗೆ ಏನೂ ಗೊತ್ತಿಲ್ಲ. ಹಿಕಾರಿ ಒಂದೊಂದೇ ಮಾತು ಹೇಳಿಕೊಡುತ್ತಾಳೆ. ‘ಸಯೋನರಾ’ ಅಂದರೇನು ಅಂತ ಕೇಳಿದಾಗ, ಮತ್ತೆ ಭೇಟಿಯಾಗಲಿ ಅಂತ ಹಾಕುವ ಮಂತ್ರ ಅನ್ನುತ್ತಾಳೆ. ಜಪಾನಿನವರಿಗೂ ಇದು ಹೊಸ ಅರ್ಥವೇ. ನಮಗಲ್ಲ. ‘ಹೋಗ್ತೀನಿ’ ಅಂದರೆ ‘ಹಂಗನ್ನಬಾರ್ದು, ಹೋಗಿ ಬರ್ತೀನಿ ಅನ್ನು’ ಅಂತ ತಿದ್ದಿಸಿಕೊಂಡು ಬೆಳೆದವರು ನಾವು. ಕೊನೆಯಲ್ಲಿ ಶಿಂಜಿ ಎಲ್ಲರಿಗೂ, ಎಲ್ಲ ಇವಾಗಳಿಗೂ ಸಯೋನರಾ ಹೇಳುವಾಗ ಅದನ್ನು ನಾನು ಹಾಗೇ ಕೇಳಿಸಿಕೊಂಡೆ.

ಅಪ್ಪ ಮಗನ ಲೆಕ್ಕದಲ್ಲೂ ಹೊಸದೇ ಮೇಲು. 1997ರಲ್ಲಿ ಗೆಂಡೋ ಒಂದೇ ಸಾಲಿನಲ್ಲಿ ‘ತಪ್ಪಾಯ್ತು ಶಿಂಜಿ’ ಅಂದು ಮುಗಿದುಹೋಗುತ್ತಾನೆ, ಮಗನಿಗೆ ಅದು ಕೇಳುವುದೂ ಇಲ್ಲ. 2021ರಲ್ಲಿ ಇಬ್ಬರೂ ಮೊದಲು ಹೊಡೆದಾಡುತ್ತಾರೆ. ಸಿನಿಮಾ ಸೆಟ್‌ನಂಥ ಊರು, ಬಣ್ಣ ಬಳಿದ ಪರದೆಗೆ ಇವಾ ಡಿಕ್ಕಿ ಹೊಡೆದರೆ ಪರದೆ ಅಲುಗುತ್ತದೆ. ಹೊಡೆದಾಟದಿಂದ ಆಗಲ್ಲ ಅಂತ ಗೊತ್ತಾದ ಮೇಲೆ ರೈಲು ಡಬ್ಬಿಯಲ್ಲಿ ಎದುರುಬದುರು ಕೂರುತ್ತಾರೆ. ಶಿಂಜಿ ತನ್ನ ಹಳೇ ಕ್ಯಾಸೆಟ್ ಪ್ಲೇಯರ್ ವಾಪಸ್ ಕೊಡುತ್ತಾನೆ, ಅದು ಮೊದಲು ಅಪ್ಪನದ್ದೇ. ಜನರ ಸದ್ದು ಕೇಳಬಾರದು ಅಂತ ಅಪ್ಪನೂ ಒಂದು ಕಾಲಕ್ಕೆ ಕಿವಿಗೆ ಅದನ್ನೇ ಹಾಕಿಕೊಂಡಿದ್ದವನು. ಇಲ್ಲಿ ಗೆಂಡೋ ಮಾತು ಜಾಸ್ತಿ ಅನ್ನುವವರಿದ್ದಾರೆ. ಇಪ್ಪತ್ತೈದು ವರ್ಷ ಬಾಯಿ ಬಿಡದವನು ಮಾತಾಡಲಿ ಬಿಡಿ.

ಇನ್ನೊಂದು ಜೋಡಿ ಪಕ್ಕಪಕ್ಕ ಇಟ್ಟು ನೋಡುವಂಥದ್ದು. 2021ರದ್ದರಲ್ಲೂ ಕೊನೆಗೆ ಕಾರ್ಟೂನು ನಿಜ ಲೋಕಕ್ಕೆ ಹೊರಳುತ್ತದೆ. ದೊಡ್ಡವನಾದ ಶಿಂಜಿ, ಕೊರಳಿಗೆ ಬಿಗಿದಿದ್ದ ಬಾಂಬಿನ ಪಟ್ಟಿ ಬಿಚ್ಚಿಸಿಕೊಂಡು, ಹೊಸ ಸಾಲಿನಲ್ಲಿ ಬಂದ ಪೈಲಟ್ ಹುಡುಗಿ ಮಾರಿಯ ಕೈ ಹಿಡಿದು ರೈಲು ನಿಲ್ದಾಣದಿಂದ ಹೊರಗೆ ಓಡುತ್ತಾನೆ. ಕ್ಯಾಮೆರಾ ಮೇಲೇರಿದರೆ ನಿಜವಾದ ಊರು, ನಿಜವಾದ ಕಾರ್ಖಾನೆ ಚಿಮಣಿಗಳು. ಅದು ಯಮಗುಚಿ ಪ್ರಾಂತ್ಯದ ಉಬೆ, ಆನ್ನೋ ಹುಟ್ಟಿದ ಊರು. ಹಳೆಯದರಲ್ಲಿ ನಮ್ಮನ್ನು ಕತ್ತು ಹಿಡಿದು ಥಿಯೇಟರಿನಿಂದ ಆಚೆ ದಬ್ಬಿದವರು, ಇಲ್ಲಿ ತಮ್ಮ ಊರಿನ ಸ್ಟೇಷನ್‌ವರೆಗೂ ಕರೆದುಕೊಂಡು ಬಂದು ಬಿಟ್ಟಿದ್ದಾರೆ.

ಹಾಗಾದರೆ ಯಾವುದು ನೋಡಬೇಕು? ಒಂದೇ ರಾತ್ರಿ ಸಮಯ ಇದ್ದರೆ, ಟಿವಿ ಸರಣಿ ನೋಡಿದ್ದರೆ, 1997ರದ್ದು. ಸಿನಿಮಾ ಅಂತ ನೋಡಿದರೆ ಅದೇ ಗಟ್ಟಿ. ಮೂರನ್ನೂ ನೋಡುವ ಆಸೆ ಇದ್ದರೆ ಬಂದ ವರ್ಷದ ಸಾಲಿನಲ್ಲೇ ನೋಡಿ, ಆದರೆ ನಾವು ಮಾಡಿದ ಹಾಗೆ ಒಂದರ ಹಿಂದೆ ಒಂದು ಬೇಡ. ಹಳೆಯದರ ಕಹಿ ಬಾಯಲ್ಲಿ ಇರುವಾಗಲೇ ಹೊಸದು ಸಪ್ಪೆ ಅನ್ನಿಸುತ್ತದೆ. ಅಕ್ಕನ ಮಗನಿಗೆ ಆದದ್ದೂ ಅದೇ. ‘ಚೆನ್ನಾಗಿದೆ ಮಾಮ, ಆದ್ರೆ ಸ್ವಲ್ಪ ಸಮಾಧಾನ ಜಾಸ್ತಿ’ ಅಂದ. ಅವನ ವೋಟು ಹಳೆಯದಕ್ಕೆ, ನನ್ನದು ಹೊಸದಕ್ಕೆ.

ಅಮ್ಮ ನಾಟಿ ದೃಶ್ಯ ಮುಗಿದ ಸ್ವಲ್ಪ ಹೊತ್ತಿಗೇ ಮಲಗಲು ಎದ್ದು ಹೋಗಿದ್ದರು. ಆ ಹುಡುಗಿ ಶಿಂಜಿಯ ಮುಂದೆಯೇ ಕರಗಿ ನೀರಾದದ್ದು, ಹೋಗುವ ಮುಂಚೆ ‘ಕೊಯ್ಲು ಮಾಡಬೇಕು ಅಂತ ಆಸೆ ಇತ್ತು’ ಅಂದದ್ದು ಅವರು ನೋಡಲಿಲ್ಲ. ಬೆಳಗ್ಗೆ ಕಾಫಿ ಕೊಡುತ್ತಾ ಕೇಳಿದರು, ‘ಆ ಮಗು ನೆಟ್ಟ ಪೈರು ಕೊಯ್ಲಿಗೆ ಬಂತೇನೋ?’

ನಾನು ಅಕ್ಕನ ಮಗನ ಮುಖ ನೋಡಿದೆ. ಅವನು ಲೋಟ ಕೆಳಗಿಟ್ಟ.

‘ಊರಿನವರು ಕೊಯ್ದಿರ್ತಾರೆ ಅಜ್ಜಿ’ ಅಂದ.